ಮಾತು ತಿಳಿಯಿತು, ಧಾಟಿ ತಿಳಿಯಲಿಲ್ಲ

ಉಡುಪಿಯಿಂದ ಮಂಗಳೂರಿನ ಕಡೆಗೆ ಹೊರಟ ಲೋಕಲ್ ರೈಲು ಪಡುಬಿದ್ರಿಗೆ ಮೊದಲು ಇನ್ನಂಜೆಯಲ್ಲಿ ನಿಲ್ಲುತ್ತದೆ. ಹತ್ತಿರದಲ್ಲೇ ಶಂಕರಪುರ. ಈ ಸುತ್ತಿನ ಎಷ್ಟೋ ಮನೆಗಳಲ್ಲಿ ದಿನ ಶುರುವಾಗುವುದೇ ಮಲ್ಲಿಗೆ ಮೊಗ್ಗು ಕೊಯ್ಯುವುದರಿಂದ. ಬಿಸಿಲೇರುವ ಮುಂಚೆ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೊತ್ತಿಗೆ ಸರಿಯಾಗಿ ಹೂವಿನ ವ್ಯಾಪಾರದ ಕಟ್ಟೆಗೆ ಮುಟ್ಟಿಸಬೇಕು. ಹೂವಿನ ಅಂಗಡಿಯೊಂದರ ಮುಂದೆ ಮೈಸೂರಿನ ಕಡೆಯ ಕಾರು ನಿಲ್ಲುತ್ತದೆ. ಇಳಿದವರು ಕೇಳುತ್ತಾರೆ: "ಮೊಳ ಎಷ್ಟಮ್ಮ?" ಅಂಗಡಿಯಾಕೆ ಒಂದು ಗಳಿಗೆ ತಬ್ಬಿಬ್ಬಾಗುತ್ತಾರೆ. "ಇಲ್ಲಿ ಮೊಳ ಇಲ್ಲ, ಚೆಂಡು ಲೆಕ್ಕ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ." ಬಂದವರು ನಗುತ್ತಾರೆ, ಆಕೆಯೂ ನಗುತ್ತಾರೆ. ಅರ್ಧ ನಿಮಿಷದಲ್ಲಿ ಗೊಂದಲ ಮುಗಿಯಿತು.

ಆಮೇಲೆ ಅವರು ಚೌಕಾಶಿಗೆ ಇಳಿಯುತ್ತಾರೆ. ಹೇಳಿದ ಬೆಲೆಯ ಅರ್ಧಕ್ಕೆ ಕೇಳುತ್ತಾರೆ. ಆಕೆಯ ನಗು ಆರುತ್ತದೆ. "ರೇಟು ಅದೇ" ಎಂದಷ್ಟೇ ಹೇಳಿ ಕೈಯಲ್ಲಿದ್ದ ಮಾಲೆಯ ಕಡೆ ತಿರುಗುತ್ತಾರೆ. ಕಾರು ಹೊರಡುವಾಗ ಒಳಗಿನ ಮಾತು: "ಎಷ್ಟು ಸೊಕ್ಕು ನೋಡಿ, ಮುಖ ಕೊಟ್ಟು ಮಾತಾಡಲಿಲ್ಲ." ಅಂಗಡಿಯೊಳಗಿನ ಮಾತು: "ನಾನೇನು ಮೋಸ ಮಾಡುವವಳು ಎಂದುಕೊಂಡರಾ?"

ಮಲ್ಲಿಗೆಯ ಆ ದಿನದ ದರ ಶಂಕರಪುರದ ಕಟ್ಟೆಯಲ್ಲಿ ನಿಗದಿಯಾಗುತ್ತದೆ. ಚಿಲ್ಲರೆ ಮಾರುವಾಕೆಗೆ ಅದನ್ನು ಅರ್ಧಕ್ಕೆ ಇಳಿಸುವ ಅಧಿಕಾರವೇ ಇಲ್ಲ. ಆದ್ದರಿಂದ ಚೌಕಾಶಿ ಆಕೆಯ ಕಿವಿಗೆ "ನೀನು ಸುಳ್ಳು ದರ ಹೇಳುತ್ತಿದ್ದೀ" ಎಂಬ ಆರೋಪವಾಗಿ ಬಿತ್ತು. ಬಂದವರ ಊರಿನ ಮಾರುಕಟ್ಟೆಯಲ್ಲಿ ಚೌಕಾಶಿ ಪರಿಚಯ ಬೆಳೆಸುವ ಮಾತುಕತೆ. ನಾಲ್ಕು ಮಾತಾಡದೆ ಕೊಂಡರೆ ಅಲ್ಲಿ ಮಾರುವವಳಿಗೇ ಬೇಸರ.

ಒಂದೇ ವ್ಯಾಪಾರದಲ್ಲಿ ಎರಡು ತಪ್ಪು ತಿಳಿವಳಿಕೆ. ಮೊದಲನೆಯದು ಪದದ್ದು, ಕಣ್ಣಿಗೆ ಕಂಡಿತು, ತಿದ್ದಿಕೊಂಡರು. ಎರಡನೆಯದು ರೂಢಿಯದ್ದು. ಅದು ತಪ್ಪು ತಿಳಿವಳಿಕೆ ಎಂಬುದೇ ಇಬ್ಬರಿಗೂ ಗೊತ್ತಾಗಲಿಲ್ಲ. ಎದುರಿನವರ ಗುಣದ ಮೇಲಿನ ತೀರ್ಪಾಗಿ ಉಳಿದುಬಿಟ್ಟಿತು. ಈ ಅಧ್ಯಾಯ ಎರಡನೆಯದರ ಬಗ್ಗೆ.

ಪದದ ತಪ್ಪುಗಳು ನಮ್ಮ ಕರಾವಳಿಯಲ್ಲಿ ಬೇಕಾದಷ್ಟಿವೆ. ತುಳುವಿನಲ್ಲಿ 'ಅಪ್ಪೆ' ಎಂದರೆ ತಾಯಿ, 'ಅಮ್ಮೆ' ಎಂದರೆ ತಂದೆ. ಕನ್ನಡ ಮಾತ್ರ ಬಲ್ಲ ಎಳೆಯ ವೈದ್ಯರಿಗೆ ಅಜ್ಜಿಯೊಬ್ಬರು "ಎನ್ನ ಅಪ್ಪೆಗ್ ಶುಗರ್ ಇತ್ತ್ಂಡ್" ಎಂದರೆ ಕೇಸ್ ಪೇಪರಿನಲ್ಲಿ ತಂದೆಗೆ ಸಕ್ಕರೆ ಕಾಯಿಲೆ ಇತ್ತೆಂದು ಬೀಳಬಹುದು. 'ಅಳಿಯಸಂತಾನ' ಎಂಬ ಪದ ಕೇಳಿದ ಘಟ್ಟದ ಮೇಲಿನವರು ಮಗಳ ಗಂಡನಿಗೆ ಆಸ್ತಿ ಹೋಗುವ ಪದ್ಧತಿ ಎಂದುಕೊಳ್ಳುತ್ತಾರೆ. ಆ 'ಅಳಿಯ' ಸೋದರಿಯ ಮಗ. ವಂಶ ಹರಿಯುವುದು ತಾಯಿಯ ಕಡೆಯಿಂದ. 'ಅಣ್ಣ' ಎಂಬ ಸಾದಾ ಪದವೂ ಹೀಗೆಯೇ. ದೊಡ್ಡಪ್ಪನ ಮಗನೂ ನಮಗೆ ಅಣ್ಣನೇ, ದೊಡ್ಡಮ್ಮನ ಮಗನೂ ಅಣ್ಣನೇ. ಸೋದರಮಾವನ ಮಗ ಮಾತ್ರ ಭಾವ. ದ್ರಾವಿಡ ಭಾಷೆಗಳ ಈ ನಂಟಿನ ಲೆಕ್ಕವನ್ನು ಅಮೆರಿಕದ ಲೂಯಿಸ್ ಹೆನ್ರಿ ಮಾರ್ಗನ್ 1871ರಲ್ಲೇ ಗುರುತಿಸಿ ಬರೆದಿದ್ದ. ಆನುವಂಶಿಕ ಕಾಯಿಲೆಯ ವಿಚಾರಣೆಯಲ್ಲಿ "ಅಣ್ಣನಿಗೂ ಇದೆ" ಎಂಬ ಉತ್ತರ ಬಂದ ಕೂಡಲೇ "ಒಡಹುಟ್ಟಿದ ಅಣ್ಣನಾ?" ಎಂದು ಮರುಪ್ರಶ್ನೆ ಹಾಕುವ ವೈದ್ಯರು ಈ ಲೆಕ್ಕವನ್ನು ಬಲ್ಲವರು. ಒಂದು ಪ್ರಶ್ನೆಗೆ ಇವೆಲ್ಲ ಸರಿಹೋಗುತ್ತವೆ, ಏಕೆಂದರೆ ಪದವನ್ನು ಅನುಮಾನಿಸಲು ನಮಗೆ ಬರುತ್ತದೆ.

ಧಾಟಿಯನ್ನು ಅನುಮಾನಿಸಲು ಬರುವುದಿಲ್ಲ. ಇದನ್ನು ವಿಜ್ಞಾನದ ವಿಷಯವಾಗಿ ಮಾಡಿದವರಲ್ಲಿ ಮುಖ್ಯರಾದವರು ಭಾಷಾವಿಜ್ಞಾನಿ ಜಾನ್ ಗಂಪರ್ಜ್. ಅವರ ದಾರಿ ನಮ್ಮ ಗಡಿನಾಡಿನ ಮೂಲಕ ಹಾದುಹೋದದ್ದು ಹೆಚ್ಚು ಜನ ಕನ್ನಡಿಗರಿಗೆ ತಿಳಿದಿಲ್ಲ.

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ, ಕರ್ನಾಟಕದ ಗಡಿಗೆ ಹತ್ತಿರ, ಕುಪ್ವಾಡ ಎಂಬ ಊರಿದೆ. ಅಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಮನೆಮಾತುಗಳು. ಜೈನರ ಮನೆಗಳಲ್ಲಿ ಕನ್ನಡ, ಮುಸ್ಲಿಮರ ಮನೆಗಳಲ್ಲಿ ಉರ್ದು. ಊರಿನವರು ಶತಮಾನಗಳ ಕಾಲ ದಿನವೂ ಒಬ್ಬರೊಡನೊಬ್ಬರು ವ್ಯವಹರಿಸಿದ್ದರಿಂದ ಆ ಭಾಷೆಗಳ ವಾಕ್ಯರಚನೆ ಒಂದೇ ಎರಕಕ್ಕೆ ಬಂದಿತ್ತು. ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ಭಾಷೆಯ ವಾಕ್ಯದಲ್ಲಿ ಪದದ ಜಾಗಕ್ಕೆ ಪದ ಇಡುತ್ತಾ ಹೋದರೆ ಇನ್ನೊಂದು ಭಾಷೆಯ ವಾಕ್ಯ ಸಿದ್ಧವಾಗುತ್ತಿತ್ತು. ಹೊರಗಿನ ತೊಡುಗೆ ಬೇರೆ, ಒಳಗಿನ ಎಲುಬು ಒಂದೇ.

ಇನ್ನಂಜೆಯವನಿಗೆ ಇದು ತನ್ನದೇ ಕಥೆ. ನಮ್ಮಲ್ಲಿ ಬಹಳ ಜನರಿಗೆ ಮನೆಯ ಮಾತು ತುಳು ಅಥವಾ ಕೊಂಕಣಿ, ಕನ್ನಡ ಶಾಲೆಯಲ್ಲಿ ಕಲಿತದ್ದು. ಪದಗಳು ಕನ್ನಡದವು, ನಡಿಗೆ ತುಳುವಿನದು. ತುಳುವಿನ 'ಬೊಕ್ಕ' ನಮ್ಮ ಕನ್ನಡದಲ್ಲಿ 'ಮತ್ತೆ' ಆಗುತ್ತದೆ. "ಮತ್ತೆ ಬನ್ನಿ" ಎಂದರೆ ನಮ್ಮ ಅರ್ಥದಲ್ಲಿ ಸ್ವಲ್ಪ ಹೊತ್ತು ಬಿಟ್ಟು ಬನ್ನಿ. ಘಟ್ಟದ ಮೇಲೆ ಅದರ ಅರ್ಥ ಇನ್ನೊಮ್ಮೆ ಬನ್ನಿ. ಈ ಒಂದು ಪದದಿಂದ ಎಷ್ಟು ಜನ ಕೂಲಿಗಾಗಿ ವೃಥಾ ಅಲೆದಿದ್ದಾರೋ!

ಗಂಪರ್ಜ್ ಮುಂದೆ ಲಂಡನ್ನಿಗೆ ಹೋದರು. 1970ರ ದಶಕದಲ್ಲಿ ಅಲ್ಲಿನ ದೊಡ್ಡ ವಿಮಾನ ನಿಲ್ದಾಣದ ನೌಕರರ ಕ್ಯಾಂಟೀನಿನಲ್ಲಿ ಭಾರತ, ಪಾಕಿಸ್ತಾನದ ಹೆಂಗಸರು ಊಟ ಬಡಿಸುವ ಕೆಲಸಕ್ಕೆ ಸೇರಿದ್ದರು. ಅವರ ಬಗ್ಗೆ ದೂರು ಬಂತು: ಗಡಸು ಸ್ವಭಾವ, ಸಹಕಾರವಿಲ್ಲ. ಹೆಂಗಸರಿಗೂ ನೋವಿತ್ತು: ನಮ್ಮನ್ನು ಇಲ್ಲಿ ಕೀಳಾಗಿ ಕಾಣುತ್ತಾರೆ. ಅವರು ಕೌಂಟರಿನಲ್ಲಿ ಆಡುತ್ತಿದ್ದ ಮಾತು ಬಹಳ ಕಡಿಮೆ. ಮಾಂಸದ ಊಟ ಪಡೆದವರನ್ನು ಮೇಲಿನ ರಸ ಬೇಕೇ ಎಂದು ಕೇಳಬೇಕು. ಇಂಗ್ಲಿಷ್ ಹೆಂಗಸರು "ಗ್ರೇವಿ" ಎಂಬ ಒಂದೇ ಪದವನ್ನು ಕೊನೆಯಲ್ಲಿ ದನಿ ಏರಿಸಿ ಹೇಳುತ್ತಿದ್ದರು. ನಮ್ಮ ಕಡೆಯವರು ಅದೇ ಪದವನ್ನು ದನಿ ಇಳಿಸಿ ಹೇಳುತ್ತಿದ್ದರು. ಏರಿಸಿದರೆ ಇಂಗ್ಲಿಷ್ ಕಿವಿಗೆ ಅದು "ಹಾಕಲೇ?" ಎಂಬ ಉಪಚಾರ. ಇಳಿಸಿದರೆ "ಇದು ಗ್ರೇವಿ, ಬೇಕಾದರೆ ತಗೋ".

ಗಂಪರ್ಜ್ ಎರಡೂ ಧಾಟಿಗಳನ್ನು ರೆಕಾರ್ಡ್ ಮಾಡಿ ಎರಡೂ ಗುಂಪಿನವರನ್ನು ಕೂರಿಸಿ ಕೇಳಿಸಿದರು. ಮೊದಲು ನಮ್ಮ ಹೆಂಗಸರಿಗೆ ವ್ಯತ್ಯಾಸವೇ ಕಾಣಲಿಲ್ಲ, ಎರಡೂ ಒಂದೇ ಅಲ್ಲವೇ ಎಂದರು. ತಮ್ಮ ರೂಢಿಯಲ್ಲಿ ಹಾಗೆಯೇ ಕೇಳುವುದು ಎಂದು ವಿವರಿಸಿದರು. ಮೇಲ್ವಿಚಾರಕರಿಗೂ ಆಗಲೇ ವಿಷಯ ಹೊಳೆದದ್ದು. ಇಬ್ಬರ ಮುಖದ ಬಿಗುವೂ ಸಡಿಲವಾಯಿತು. ಬಿಬಿಸಿ 1979ರಲ್ಲಿ ಈ ಕೆಲಸದ ಮೇಲೆ 'ಕ್ರಾಸ್‌ಟಾಕ್' ಎಂಬ ಕಾರ್ಯಕ್ರಮ ಮಾಡಿತು. ಮಾತಿನ ಏರಿಳಿತ, ತಡೆ, ಒತ್ತು ಮುಂತಾದ ಸಣ್ಣ ಗುರುತುಗಳಿಂದಲೇ ಕೇಳುಗ "ಇದು ಪ್ರಶ್ನೆ, ಇದು ಉಪಚಾರ, ಇದು ಸಿಟ್ಟು" ಎಂದು ಸಂದರ್ಭ ಹಿಡಿಯುತ್ತಾನೆ ಎಂಬುದು ಗಂಪರ್ಜ್ ಅವರ 1982ರ ಪುಸ್ತಕದ ತಿರುಳು.

ಕನ್ನಡದ ಮನೆಯಿಂದ ಹೋದ ಹೆಂಗಸು ಅಲ್ಲಿದ್ದಿದ್ದರೂ ಇದೇ ಆಗುತ್ತಿತ್ತು. ನಾವು ಪ್ರಶ್ನೆಯನ್ನು ಪದದ ಬಾಲಕ್ಕೇ ಕಟ್ಟುತ್ತೇವೆ. ಸಾರು ಎಂಬುದು ಸಾರಾ ಆದರೆ ಸಾಕು, ಬೇಕು ಎಂಬುದು ಬೇಕಾ ಆದರೆ ಸಾಕು; ತುಳುವಿನ 'ಬೋಡು' ಕೂಡ 'ಬೋಡಾ' ಆಗುತ್ತದೆ. ಪ್ರಶ್ನೆಯ ಭಾರವನ್ನು ಆ ಬಾಲವೇ ಹೊರುವುದರಿಂದ ದನಿಯನ್ನು ಮೇಲೆತ್ತಲೇಬೇಕೆಂಬ ಒತ್ತಾಯವಿಲ್ಲ. ಇಂಗ್ಲಿಷಿನ ಒಂಟಿ ಪದಕ್ಕೆ ಅಂಥ ಬಾಲವಿಲ್ಲ, ದನಿಯೇ ಅದರ ಪ್ರಶ್ನಾರ್ಥಕ ಚಿಹ್ನೆ.

ಭಾಷಾತಜ್ಞೆ ಜೆನ್ನಿ ಥಾಮಸ್ 1983ರಲ್ಲಿ ಇದಕ್ಕೊಂದು ಮುಖ್ಯವಾದ ಮಾತು ಸೇರಿಸಿದರು. ವ್ಯಾಕರಣ ತಪ್ಪಿದವನನ್ನು ಕೇಳುಗ "ಪಾಪ, ಭಾಷೆ ಬರುವುದಿಲ್ಲ" ಎಂದು ಕ್ಷಮಿಸುತ್ತಾನೆ. ವ್ಯಾಕರಣ ಸರಿಯಿದ್ದು ಧಾಟಿ ತಪ್ಪಿದರೆ "ಮನುಷ್ಯನೇ ಸರಿಯಿಲ್ಲ" ಎನ್ನುತ್ತಾನೆ. ಹೀಗಾಗಿ ಭಾಷೆ ಚೆನ್ನಾಗಿ ಕಲಿತಷ್ಟೂ ಅಪಾಯ ಹೆಚ್ಚು. ಮನಶ್ಶಾಸ್ತ್ರಜ್ಞ ಲೀ ರಾಸ್ 1977ರಲ್ಲಿ ಹೆಸರಿಟ್ಟ ನಮ್ಮೆಲ್ಲರ ಒಂದು ದೌರ್ಬಲ್ಯ ಇದರ ಹಿಂದಿದೆ. ಬೇರೆಯವರ ನಡತೆಗೆ ಕಾರಣ ಹುಡುಕುವಾಗ ನಾವು ಅವರ ಪರಿಸ್ಥಿತಿಯನ್ನು ಬಿಟ್ಟು ಸ್ವಭಾವಕ್ಕೇ ಕೈ ಹಾಕುತ್ತೇವೆ.

ಒಂದೇ ಭಾಷೆ ಆಡುವವರ ನಡುವೆ ಈ ಅಪಾಯ ಎಲ್ಲಕ್ಕಿಂತ ಹೆಚ್ಚು. ಅದನ್ನು ನಾನು ಲಂಡನ್ನಿನಿಂದ ಕಲಿಯಬೇಕಾಗಲಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಗೋಡೆ ಕಟ್ಟಲು ಬಾಗಲಕೋಟೆಯ ಕಡೆಯ ಮೇಸ್ತ್ರಿಯೊಬ್ಬರು ಬಂದಿದ್ದರು. ಮೊದಲ ದಿನವೇ ಅಂಗಳದಿಂದ ಕೂಗಿದರು: "ಏನ್ರಿ, ಸಿಮೆಂಟ್ ಎಲ್ಲೈತ್ರಿ? ಲಗೂನ ತರ್ಸ್ರಿ!" ಮನೆಯಲ್ಲಿ ಎಲ್ಲರ ಹುಬ್ಬು ಗಂಟಾಯಿತು. ನಮ್ಮ ಕಿವಿಗೆ "ಏನ್ರಿ" ಎಂಬುದು ಜಗಳ ತೆಗೆಯುವವರ ಮೊದಲ ಪದ. ನಾಲ್ಕು ದಿನ ಅವರೊಡನೆ ಬೇಕಾದಷ್ಟೇ ಮಾತಾಡಿದೆವು. ಐದನೆಯ ದಿನ ಚಹಾ ಕುಡಿಯುವಾಗ ಅವರೇ ಕೇಳಿದರು: "ನಿಮ್ಮ ಕಡೆ ಮಂದಿ ಮಾತಿಗೆ ಒಂದ್ 'ರೀ' ಹಚ್ಚಂಗಿಲ್ಲಲ್ರಿ, ಸಿಟ್ಟಾಗ್ಯಾರೇನೋ ಅನಸ್ತೈತಿ." ಒಂದು ಉಸಿರಿನಲ್ಲಿ ಮೂರು ಸಲ 'ರಿ' ಹಚ್ಚಿ ಅವರು ನಮ್ಮನ್ನು ಗೌರವಿಸಿದ್ದರು. ನಾವು "ಉಂಟು", "ಬೇಡ", "ಆಯ್ತು" ಎಂದು ಬರಿಯ ಪದಗಳನ್ನು ಎಸೆದು ಅವರನ್ನು ದೂರ ಇಟ್ಟಿದ್ದೆವು. ನಮ್ಮ ಗೌರವ ಇದ್ದದ್ದು "ಬನ್ನಿ", "ಕೂತ್ಕೊಳ್ಳಿ" ಎಂಬ ಬಹುವಚನದಲ್ಲಿ, ತಗ್ಗಿದ ದನಿಯಲ್ಲಿ. ಅದು ಅವರ ಕಿವಿಗೆ ಬೀಳಲೇ ಇಲ್ಲ.

ಆ ನಾಲ್ಕು ದಿನಗಳ ಬಗ್ಗೆ ನನಗೆ ಈಗಲೂ ಬೇಸರವಿದೆ.

ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ 1960ರಲ್ಲಿ ಯುರೋಪಿನ ಭಾಷೆಗಳ 'ನೀನು–ನೀವು' ಬಳಕೆಯನ್ನು ಅಭ್ಯಾಸ ಮಾಡಿ, ಅದರಲ್ಲಿ ಎರಡು ಶಕ್ತಿಗಳು ಎಳೆದಾಡುತ್ತವೆ ಎಂದರು: ಅಧಿಕಾರ ಮತ್ತು ಒಡನಾಟ. ಒಬ್ಬನನ್ನು 'ನೀನು' ಎನ್ನುವುದು ಅವನು ಕೆಳಗಿನವನೆಂದು ಇರಬಹುದು, ನಮ್ಮವನೆಂದೂ ಇರಬಹುದು. ತುಳುವಿನಲ್ಲಿ 'ಈ' ಮತ್ತು 'ಈರ್' ನಡುವೆ ಇದೇ ಎಳೆದಾಟವಿದೆ. ಧಾರವಾಡ, ಬಾಗಲಕೋಟೆಯ ಕಡೆ "ಅಪ್ಪ ಬಂದಾನ", "ಅವ್ವ ಬಂದಾಳ" ಎಂಬ ಏಕವಚನದಲ್ಲಿ ಸಲಿಗೆ ತುಂಬಿ ತುಳುಕುತ್ತದೆ. ಶಾಲೆಯ ಪುಸ್ತಕದಿಂದ ಕನ್ನಡ ಕಲಿತ ನಮಗೆ ಅದು ಅವಮರ್ಯಾದೆಯಾಗಿ ಕೇಳಿಸುತ್ತದೆ. 1956ರ ತನಕ ನಾವು ಮದ್ರಾಸಿನವರು, ಬಾಗಲಕೋಟೆ ಬೊಂಬಾಯಿಯದು, ಕೊಪ್ಪಳ ಹೈದರಾಬಾದಿನದು. ರಾಜ್ಯ ಒಂದಾಗಿ ಒಂದು ಆಯುಷ್ಯದಷ್ಟೇ ಕಾಲವಾಗಿದೆ, ಅಷ್ಟು ಹತ್ತಿರದ ಇತಿಹಾಸ ಅದು. ಕಿವಿಗಳು ಒಂದಾಗಲು ಇನ್ನಷ್ಟು ಕಾಲ ಬೇಕು.

ಇಲ್ಲಿ ಮುಚ್ಚಿಡಬಾರದ ಮಾತೊಂದಿದೆ. ತಪ್ಪು ತಿಳಿವಳಿಕೆ ಇಬ್ಬರದ್ದಾದರೂ ನಷ್ಟ ಇಬ್ಬರಿಗೂ ಸಮನಾಗಿ ಬೀಳುವುದಿಲ್ಲ. ಲಂಡನ್ನಿನಲ್ಲಿ 'ಗಡಸು' ಎಂಬ ಹಣೆಪಟ್ಟಿ ಬಿದ್ದದ್ದು ಬಡಿಸುವವರಿಗೆ. ನಮ್ಮಲ್ಲಿ 'ಘಟ್ಟದ ಮೇಲಿನವರು' ಎಂಬ ಮಾತಿನಲ್ಲಿ ಒರಟರು ಎಂಬ ಅರ್ಥವನ್ನು ಸೇರಿಸಿದವರು ನಾವು. ಅದರಿಂದ ಬಾಡಿಗೆಗೆ ಮನೆ ಸಿಗದೆ ಹೋಗುವುದು ಅವರಿಗೆ. ಮಲ್ಪೆಯ ದೋಣಿಗಳಲ್ಲಿ, ಎಲ್ಲೂರಿನ ವಿದ್ಯುತ್ ಸ್ಥಾವರದ ಸುತ್ತ, ಮಣಿಪಾಲದ ಕಟ್ಟಡಗಳಲ್ಲಿ ದುಡಿಯಲು ಬರುವ ಹೊರರಾಜ್ಯದವರಿಗೂ ಅಷ್ಟೇ. ಧಾಟಿ ಕಲಿಯುವ ಹೊಣೆಯನ್ನೆಲ್ಲ ಬಂದವನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಧಾಟಿ ಎಂದರೆ ದನಿ, ಸರ್ವನಾಮ ಇಷ್ಟೇ ಆಗಿರಬೇಕಿಲ್ಲ. ಮೌನವೂ ಅದರಲ್ಲಿ ಸೇರಿದೆ. ಟಾನ್ಯಾ ಸ್ಟಿವರ್ಸ್ ಮತ್ತು ಸಂಗಡಿಗರು 2009ರಲ್ಲಿ ಹತ್ತು ಭಾಷೆಗಳ ಸಂಭಾಷಣೆಗಳನ್ನು ಅಳೆದರು. ಪ್ರಶ್ನೆ ಮುಗಿದು ಉತ್ತರ ಶುರುವಾಗುವ ನಡುವಿನ ಬಿಡುವು ಒಟ್ಟಾರೆ ಸೆಕೆಂಡಿನ ಐದನೇ ಒಂದು ಭಾಗದ ಆಸುಪಾಸು. ಜಪಾನೀ ಭಾಷೆಯಲ್ಲಿ ಬಿಡುವೇ ಇಲ್ಲವೆನ್ನುವಷ್ಟು ಕಡಿಮೆ, ಡ್ಯಾನಿಶ್ ಭಾಷೆಯಲ್ಲಿ ಹೆಚ್ಚು ಕಡಿಮೆ ಅರ್ಧ ಸೆಕೆಂಡು. ಇಷ್ಟು ಸಣ್ಣ ವ್ಯತ್ಯಾಸವನ್ನೂ ನಮ್ಮ ಕಿವಿ ಹಿಡಿದು, "ಇವನು ಯಾಕೋ ಹಿಂಜರಿಯುತ್ತಿದ್ದಾನೆ" ಎಂದೋ, "ಮಾತು ಮುಗಿಸಲು ಬಿಡುವುದಿಲ್ಲ" ಎಂದೋ ಅರ್ಥ ಕಟ್ಟುತ್ತದೆ. ಆ ಹತ್ತರಲ್ಲಿ ಭಾರತದ ಭಾಷೆ ಒಂದೂ ಇರಲಿಲ್ಲ. ನಮ್ಮ ವಿಶ್ವವಿದ್ಯಾಲಯಗಳು ಕೈಗೆತ್ತಿಕೊಳ್ಳಬೇಕಾದ ಕೆಲಸವಿದು.

ಇವೆಲ್ಲವೂ ಒಂದೇ ಸೂರಿನಡಿ ಸೇರುವ ಜಾಗ ಇನ್ನಂಜೆಗೆ ದೂರವಿಲ್ಲ. ಡಾ. ಟಿ.ಎಂ.ಎ. ಪೈ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಕಟ್ಟಿದ್ದು 1953ರಲ್ಲಿ. ಅಲ್ಲಿಗೆ ಬರುವ ರೋಗಿಗಳು ಕಾಪು, ಕಾರ್ಕಳದಿಂದ ಹಿಡಿದು ಶಿವಮೊಗ್ಗ, ದಾವಣಗೆರೆ, ಉತ್ತರ ಕನ್ನಡದ ತನಕದವರು. ಕಲಿಯುವವರು ದೇಶದ ಎಲ್ಲ ಮೂಲೆಗಳವರು, ಹೊರದೇಶಗಳವರು. 1997ರಲ್ಲಿ ಮೆಲಕಾ ಮಣಿಪಾಲ ಕಾಲೇಜು ಶುರುವಾದ ಮೇಲೆ ಮಲೇಷ್ಯಾದ ಮಕ್ಕಳೂ ಬಂದರು. ಅವರಲ್ಲೊಬ್ಬ ಹೊಸಬನಿಗೆ ಅಂಗಡಿಯವರು "ಊಟ ಆಯ್ತಾ?" ಎಂದರೆ ಊಟಕ್ಕೆ ಕರೆಯುತ್ತಿದ್ದಾರೆ ಎನಿಸಬಹುದು; "ಬರ್ತೇನೆ" ಎಂದು ಎದ್ದುಹೋದವರಿಗಾಗಿ ಕಾದು ಕೂರಬಹುದು. ಸುದ್ದಿ ಮುಟ್ಟಿಸುವ ಉದ್ದೇಶವಿಲ್ಲದೆ ನಂಟು ಹೊಸೆಯಲಿಕ್ಕೆ ಆಡುವ ಇಂಥ ಮಾತುಗಳಿಗೆ ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ 1923ರಲ್ಲಿ ಹೆಸರು ಕೊಟ್ಟಿದ್ದ. ಪ್ರೀತಿಯ ಮಾತಾದ್ದರಿಂದ ಈ ಗೊಂದಲ ಬೇಗ ಕರಗುತ್ತದೆ.

ಕರಗದೆ ಉಳಿಯುವುದು "ಆಯ್ತು ಡಾಕ್ಟ್ರೆ" ಎಂಬ ಎರಡು ಪದ. ಮಾತ್ರೆಯನ್ನು ದಿನಕ್ಕೆ ಎರಡು ಸಲ, ಮೂರು ತಿಂಗಳು ಬಿಡದೆ ತಗೊಳ್ಳಿ ಎಂದು ವೈದ್ಯರು ಹೇಳುತ್ತಾರೆ. ರೋಗಿ ತಲೆಯನ್ನು ಆಚೀಚೆ ತೂಗಿ "ಆಯ್ತು" ಎನ್ನುತ್ತಾರೆ. ವೈದ್ಯರು ಒಪ್ಪಿಗೆ ಎಂದು ಬರೆದುಕೊಳ್ಳುತ್ತಾರೆ. ನಮ್ಮಲ್ಲಿ ದೊಡ್ಡವರ ಮಾತಿಗೆ "ಆಯ್ತು" ಎನ್ನುವುದು ನಿಮ್ಮ ಮಾತು ಕಿವಿಗೆ ಬಿತ್ತು ಎಂಬುದರ ಗುರುತು. ಅರ್ಥವಾಯಿತೇ, ಹಣ ಇದೆಯೇ, ಮನಸ್ಸಿದೆಯೇ ಎಂಬುದು ಅದರಲ್ಲಿಲ್ಲ. ಎದುರುತ್ತರ ಕೊಡುವುದು ಅವಮರ್ಯಾದೆ ಎಂದು ಬೆಳೆದವರು "ನನಗೆ ತಿಳಿಯಲಿಲ್ಲ" ಎನ್ನುವುದಿಲ್ಲ. ಮೂರು ವಾರಕ್ಕೆ ಮಾತ್ರೆ ನಿಲ್ಲುತ್ತದೆ, ಕೇಸ್ ಪೇಪರಿನಲ್ಲಿ 'ಹೇಳಿದ್ದು ಕೇಳುವುದಿಲ್ಲ' ಎಂಬ ಷರಾ ಬೀಳುತ್ತದೆ. ಮತ್ತದೇ, ಧಾಟಿಯ ತಪ್ಪು ಗುಣದ ತೀರ್ಪಾಗುವುದು.

ಇದಕ್ಕೆ ಮದ್ದು ಇದೆ, ಖರ್ಚೂ ಇಲ್ಲ. "ಅರ್ಥ ಆಯ್ತಾ?" ಎಂದು ಕೇಳಬಾರದು, ಅದಕ್ಕೆ "ಆಯ್ತು" ಬಿಟ್ಟು ಬೇರೆ ಉತ್ತರ ಬರುವುದಿಲ್ಲ. "ಮನೆಯಲ್ಲಿ ಕೇಳಿದರೆ ಈ ಮಾತ್ರೆ ಹೇಗೆ ತಗೊಳ್ಳಬೇಕು ಎಂದು ಹೇಳ್ತೀರಿ, ನನಗೊಮ್ಮೆ ಹೇಳಿ" ಎನ್ನಬೇಕು. ಮನೋವೈದ್ಯ ಆರ್ಥರ್ ಕ್ಲೈನ್‌ಮನ್ ಮತ್ತು ಸಂಗಡಿಗರು 1978ರಲ್ಲಿ ಇನ್ನೂ ಮುಂದೆ ಹೋಗಿ, ಈ ಕಾಯಿಲೆ ಯಾಕೆ ಬಂತೆಂದು ನಿಮಗೆ ಅನ್ನಿಸುತ್ತದೆ, ಇದರಲ್ಲಿ ನಿಮಗೆ ಹೆಚ್ಚು ಭಯ ಯಾವುದರದ್ದು ಎಂಬಂಥ ಪ್ರಶ್ನೆಗಳನ್ನು ರೋಗಿಗೇ ಕೇಳಬೇಕೆಂದರು. ಮಗುವಿನ ಮೈಮೇಲೆ ಎದ್ದ ಗುಳ್ಳೆಗಳನ್ನು 'ಅಮ್ಮ' ಎಂದು ಕರೆಯುವ ತಾಯಿಗೆ ವೈರಸ್ಸಿನ ಪಾಠ ಒಪ್ಪಿಸುವ ಮೊದಲು ಆಕೆಯ ಮನಸ್ಸಿನಲ್ಲಿರುವ ಕಾರಣವನ್ನು ಕೇಳಿಸಿಕೊಳ್ಳಬೇಕು. ಮಾರಿಯಮ್ಮನ ಗುಡಿಗಳಿರುವ ಕಾಪುವಿನಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಂದು ಪದದ ಹಿಂದಿನ ಲೋಕ ಕಾಣದೆ ಹೋದರೆ ಪೆಟ್ಟು ಒಂದು ಇಡೀ ಸಮುದಾಯದ ಮೇಲೂ ಬೀಳಬಹುದು. ತುಳುನಾಡಿನ ಭೂತಾರಾಧನೆಯ ಬಗ್ಗೆ ಬ್ರಿಟಿಷ್ ಅಧಿಕಾರಿ ಎ.ಸಿ. ಬರ್ನೆಲ್ ಸಂಗ್ರಹಿಸಿದ್ದ ಬರಹಗಳು ಅವನ ಸಾವಿನ ನಂತರ, 1894ರಿಂದ, 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಬಂದವು. ದೈವಗಳ ಕಥನಗೀತೆಗಳಾದ ಪಾಡ್ದನಗಳನ್ನು ಉಳಿಸಿದ ಅಮೂಲ್ಯ ಕೆಲಸ ಅದು. ಆದರೆ ಶೀರ್ಷಿಕೆಯ ಅರ್ಥ 'ತುಳುವರ ದೆವ್ವಪೂಜೆ'. ಊರಿನ ತಂಟೆ ತಕರಾರಿಗೆ ನ್ಯಾಯ ಹೇಳುವ, ಜನ 'ಸತ್ಯೊಲು' ಎಂದು ಕೈಮುಗಿಯುವ ದೈವವನ್ನು ಕ್ರೈಸ್ತ ಲೋಕದ ಸೈತಾನನ ಸಾಲಿಗೆ ಸೇರಿಸಲಾಯಿತು. ಬರ್ನೆಲ್ ವಿದ್ವಾಂಸ, ಪದದ ಅರ್ಥ ಹುಡುಕದವನಲ್ಲ. ಪದ ಸಿಕ್ಕಿತು ಎಂದುಕೊಂಡದ್ದೇ ತೊಡಕಾಯಿತು. ಘಟ್ಟದ ಮೇಲಿನ ಕನ್ನಡದಲ್ಲೂ ಭೂತ ಎಂದರೆ ಪಿಶಾಚಿಯೇ; 'ಭೂತಕೋಲ' ಎಂದಾಗ ಅವರ ಕಣ್ಣಲ್ಲಿ ಮೂಡುವ ಅಳುಕನ್ನು ನಾವು ಇಂದಿಗೂ ಕಾಣುತ್ತೇವೆ.

ನಿಮ್ಮ ಮನೆಗೋ ಅಂಗಡಿಗೋ ಆಸ್ಪತ್ರೆಗೋ ನಾಳೆ ಒಬ್ಬರು ಬರುತ್ತಾರೆ. ಅವರ ಮಾತು ಒರಟು ಅನ್ನಿಸಿದರೆ, ಆ ತೀರ್ಪನ್ನು ಒಂದು ಚಹಾ ಕುಡಿಯುವಷ್ಟು ಹೊತ್ತು ತಡೆದಿಡಿ. ನಿಮ್ಮ ಊರಲ್ಲಿ ಮರ್ಯಾದೆಯಿಂದ ಮಾತಾಡುವುದು ಹೇಗೆ ಎಂದು ಅವರನ್ನೇ ಕೇಳಿ. ನಮ್ಮ ಮೇಸ್ತ್ರಿಯನ್ನು ನಾನು ಮೊದಲ ದಿನವೇ ಕೇಳಬೇಕಿತ್ತು.